ಮಾವನವರ ಎಂಜಿನ್ನಿಗೆ ಬಿದ್ದ ಬಿರುಕು

ನಾದಿನಿಯ ಲಗ್ನಪತ್ರಿಕೆ ಹಂಚುವ ಮಹತ್ಕಾರ್ಯಕ್ಕಾಗಿ ನಾಗಮಂಗಲದ ಮಾವನವರು ತಮ್ಮ ಹಳೆಯ ಬಿಳಿ ಕಾರನ್ನು ನನ್ನ ವಶಕ್ಕೆ ಒಪ್ಪಿಸಿದಾಗ, ನನ್ನಂಥ ಜವಾಬ್ದಾರಿಯುತ ಅಳಿಯ ಆ ತಾಲ್ಲೂಕಿಗೇ ಸಿಕ್ಕಿಲ್ಲ ಎಂದು ಮನಸಾರೆ ನಂಬಿದ್ದೆ. ಅದು ತೊಂಬತ್ತರ ದಶಕದ ಆರಂಭ. ಅವರ ಬೀದಿಗೆಲ್ಲ ಅದೊಂದೇ ಕಾರು. ಗುರುವಾರದ ಮದುವೆಗೆ ಮಗಳನ್ನು ಅದರಲ್ಲೇ ಕೂರಿಸಿಕೊಂಡು ಶ್ರೀರಂಗಪಟ್ಟಣದ ಛತ್ರಕ್ಕೆ ಹೋಗಬೇಕೆಂಬುದು ಮಾವನವರ ಬಹುದಿನದ ಆಸೆ.

ಭಾನುವಾರ ಸಂತೆಬಾಚಹಳ್ಳಿ ದಾಟುತ್ತಲೇ ಎಂಜಿನ್ ಕುದಿಯಿತು. ನಾನು ಹೆದರಿ, ಪಕ್ಕದ ಗದ್ದೆಯ ಪಂಪ್‌ಸೆಟ್ಟಿನಿಂದ ಎರಡು ಬಿಂದಿಗೆ ತಣ್ಣೀರು ತಂದು ಸುರಿದೆ. ಒಳಗೆಲ್ಲೋ ಟಣ್ ಎಂದಿತು. ಎಂಜಿನ್ನಿಗೆ ಸಮಾಧಾನವಾಯಿತೆಂದು ತಿಳಿದೆ.

ಟ್ರಾಕ್ಟರಿಗೆ ಕಟ್ಟಿ ಎಳೆದುಕೊಂಡು ನಮ್ಮೂರು ಪಾಂಡವಪುರಕ್ಕೆ ತಂದೆವು. ವೆಲ್ಡಿಂಗ್ ಶೆಡ್ಡಿನ ಜವರಪ್ಪ ಎಂಜಿನ್ ಬಿಚ್ಚಿ, ಅದರ ಹೊಟ್ಟೆಯ ಮೇಲೆ ಗೇಣುದ್ದದ ಬಿರುಕು ತೋರಿಸಿದ.

"ಎರಕದ ಕಬ್ಬಿಣ ಕಣ ಮೇಷ್ಟ್ರೇ. ಕಾದಿದ್ದಾಗ ತಣ್ಣೀರು ಉಯ್ದೋರು ಯಾರು?"

"ಹಳೇ ಗಾಡಿ. ತಾನಾಗೇ ಬಿಟ್ಟಿರಬೇಕು," ಎಂದೆ.

ಅವನು ಬಿರುಕನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಕೈಯ ಮಸಿ ಒರೆಸಿಕೊಂಡ.

ಮನೆಯಲ್ಲಿ ಹೆಂಡತಿ ಜಯ, "ಅಪ್ಪಂಗೆ ನಿಜ ಯೋಳ್ಬುಡಿ. ಬೈತಾರೆ, ಆಮೇಲೆ ಬ್ಯಾರೆ ಗಾಡಿ ನೋಡ್ಕತಾರೆ," ಎಂದಳು. ರಿಪೇರಿಯಾದ ಮೇಲೆ ಹೇಳುವುದಕ್ಕೇನು ಉಳಿಯುತ್ತದೆ ಎಂದು ನಾನು ವಾದಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ಫೋನಿಗೆ ಮಾವನವರ ಕರೆ ಬಂತು.

"ಗಾಡಿ ಎಂಗದೆ ಅಳಿಯಂದ್ರೇ?"

"ವಿಶ್ರಾಂತಿ ತಗೊಳ್ತಾ ಇದೆ ಮಾವ," ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಜವರಪ್ಪನ ಪ್ರಕಾರ ಎಂಜಿನ್ನಿನ ಇಡೀ ಹೊಟ್ಟೆಯನ್ನು ಒಂದೇ ಹದಕ್ಕೆ ಕಾಯಿಸಿ, ಬಿಸಿಯಲ್ಲೇ ಬೆಸೆದು, ಬಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ಅಷ್ಟು ದೊಡ್ಡ ಒಲೆ ಎಲ್ಲಿದೆ? ಅವನ ಷಡ್ಡಕನ ಆಲೆಮನೆಯಲ್ಲಿ. ಮಂಗಳವಾರ ಬೆಲ್ಲದ ಕೊಪ್ಪರಿಗೆ ಇಳಿಸಿ, ಆ ಜಾಗಕ್ಕೆ ಮಾವನವರ ಎಂಜಿನ್ ಏರಿಸಲಾಯಿತು. ಎಲ್ಲರೂ ನನಗೆ ಕಬ್ಬಿನ ಹಾಲು ಕೊಟ್ಟು ಉಪಚರಿಸಿದರು. ನಾನು ಲೋಟ ಹಿಡಿದು ಒಲೆಯನ್ನೇ ಕಾಯುತ್ತ ನಿಂತಿದ್ದೆ. ಬೆಸುಗೆ ಮುಗಿಯಿತು. ಜವರಪ್ಪ ಬೂದಿ ಮುಚ್ಚಿ ಅಪ್ಪಣೆ ಹೊರಡಿಸಿದ.

"ನಾಳೆ ಸಂಜೆಗಂಟ ಯಾರೂ ಮುಟ್ಟಂಗಿಲ್ಲ. ಬಾಣಂತಿ ನೋಡ್ಕಂಡಂಗೆ ಬೆಚ್ಚಗೆ ಮಡಗ್ಬೇಕು. ಆಮ್ಯಾಕೆ ಕೂರ್ಸ್ಕೊಡ್ತೀನಿ, ಗುರುವಾರ ಬೆಳಿಗ್ಗೆ ಓಡ್ತದೆ."

ಬುಧವಾರ ಬೆಳಿಗ್ಗೆ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಸಂಜೆ ಎಂಜಿನ್ನಿಗೆ ಮಾಡಬೇಕೆಂದಿದ್ದ ಪೂಜೆಗೆ ತಂದಿಟ್ಟಿದ್ದ ಕಾಯಿ ಕರ್ಪೂರದ ಚೀಲ ಹಿಡಿದು, ಜಯಳನ್ನೂ ಕರೆದುಕೊಂಡು ಆಲೆಮನೆಗೆ ಹೋದೆ. ಕೋಲಿನಿಂದ ಬೂದಿ ಕೆದಕಿದರೆ, ಆಹಾ, ಬೆಸುಗೆ ಎಷ್ಟು ನೇರ! ನನಗೆ ಅಳುವೇ ಬಂತು.

"ಇನ್ನೂ ಬಿಸಿ ಅದೆ ಕಣ್ರೀ, ಮುಚ್ಬುಡಿ," ಎಂದಳು ಜಯ.

"ಸಂಜೆ ಯಾರಿಗೆ ಪುರುಸೊತ್ತು? ಪೂಜೆ ಈಗಲೇ ಮುಗಿಸೋಣ."

ಕುಂಕುಮ ಇಟ್ಟೆ. ಇಟ್ಟ ಕೂಡಲೇ ಅದು ಕಪ್ಪಾಯಿತು. ಭಕ್ತಿಯ ಭರದಲ್ಲಿ ಅದರ ಅರ್ಥ ನನಗೆ ಹೊಳೆಯಲಿಲ್ಲ. ಕರ್ಪೂರ ಬೆಳಗಿ, ಕಾಯಿ ಒಡೆದು, ಗಾಡಿಗೆ ಎಲ್ಲರೂ ಮಾಡುವಂತೆ ಅದರ ನೀರನ್ನು ಪ್ರೋಕ್ಷಣೆ ಮಾಡಿದೆ. ಒಳ್ಳೆಯದಾಗಲಿ ಎಂದು ಒಂದು ಹನಿಯೂ ಉಳಿಸದೆ ಮಾಡಿದೆ.

ಟಣ್.

ಈ ಸದ್ದು ನನಗೆ ಪರಿಚಿತವಾಗಿತ್ತು. ಬಿರುಕು ಈಗ ಈ ತುದಿಯಿಂದ ಆ ತುದಿಗೆ ಹರಿದಿತ್ತು. ಜಯ ಖಾಲಿ ಚೀಲ ಮಡಚಿಕೊಂಡು ಮನೆಯ ದಾರಿ ಹಿಡಿದಳು. ಸಂಜೆ ಜವರಪ್ಪ ಬಂದು, ಪಕ್ಕದಲ್ಲಿ ಬಿದ್ದಿದ್ದ ಕಾಯಿಚಿಪ್ಪನ್ನು ಎತ್ತಿಕೊಂಡು ಕೇಳಿದ:

"ಈ ಸಲವೂ ತಾನಾಗೇ ಬುಡ್ತಾ ಮೇಷ್ಟ್ರೇ?"

ಅವತ್ತೇ ಬಸ್ಸು ಹಿಡಿದು ನಾಗಮಂಗಲಕ್ಕೆ ಹೋಗಿ ಮಾವನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಮರುದಿನ ನಾದಿನಿ ರೇಷ್ಮೆ ಸೀರೆಯುಟ್ಟು, ಅಡುಗೆಯವರ ಹಂಡೆಗಳ ನಡುವೆ, ಬಾಡಿಗೆ ವ್ಯಾನಿನಲ್ಲಿ ಛತ್ರಕ್ಕೆ ಬಂದಿಳಿದಳು. ಸೆರಗಿಗೆ ಮಸಿ ಮೆತ್ತಿತ್ತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಊಟದ ಪಂಕ್ತಿಯಲ್ಲಿ ಮಾವನವರು ನನ್ನನ್ನು ಬೀಗರ ಪಕ್ಕದಲ್ಲೇ ಕೂರಿಸಿಕೊಂಡರು. ಪಾಯಸ ಬಡಿಸುವಾಗ ಬಹಳ ನೊಂದ ದನಿಯಲ್ಲಿ ಕೇಳಿದರು:

"ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಬಿರುಕು ಬುಡ್ತದೆ ಅಂತ ನಿಮ್ ಇಸ್ಕೂಲಲ್ಲಿ ಯೋಳ್ಕೊಡಾಕಿಲ್ವಾ ಅಳಿಯಂದ್ರೇ?"

ನಾನು ಎಲೆ ನೋಡುತ್ತ ಕೂತೆ. ಹೇಳಿಕೊಡುತ್ತಾರೆ. ಒಂಬತ್ತನೇ ತರಗತಿಯಲ್ಲಿ, ಹನ್ನೆರಡು ವರ್ಷಗಳಿಂದ, ವಿಜ್ಞಾನದ ಪೀರಿಯಡ್ಡಿನಲ್ಲಿ ನಾನೇ ಹೇಳಿಕೊಡುತ್ತಿದ್ದೇನೆ.