ವಿಮಾನದ ಬಾಗಿಲು ಕೂಡಿಸುವವನ ಮನೆಯ ಕಪಾಟು

ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಮಿಕ್ಸರ್ ಕೆಟ್ಟರೆ, ನಲ್ಲಿ ಸೋರಿದರೆ ಬೇರೆಯವರು ರಿಪೇರಿಯವನನ್ನು ಕರೆಯುತ್ತಾರೆ. ನಾವು ಮೊದಲು ಕೈ ಹಾಕಿ, ಪೂರ್ತಿ ಕೆಡಿಸಿ, ಆಮೇಲೆ ಕರೆಯುತ್ತೇವೆ.

೧. ಮೊದಲು ಕಾಗದ

ನಾಸಿಕದಲ್ಲಿ ಸ್ವಂತ ಫ್ಲ್ಯಾಟ್ ಕೊಂಡು, ಅಡುಗೆಮನೆಗೆ ಕಪಾಟು ಮಾಡಿಸಿದ ಹೊಸತು. ಒಲೆಯ ಪಕ್ಕದ ಮೇಲಿನ ಕಪಾಟಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಎರಡು ಬೆರಳು ಹೊರಗೇ ನಿಲ್ಲುತ್ತಿತ್ತು. ಸೋಮವಾರ ಕಲಬುರಗಿಯಿಂದ ಅತ್ತೆ ಹೊಸ ಮನೆಗೆ ಮೊದಲ ಸಲ ಬರುವವರಿದ್ದರು. ತನ್ನ ಗಂಡ ವಿಮಾನದ ಬಾಗಿಲು ಕೂಡಿಸುತ್ತಾನೆ ಎಂದು ಹೆಂಡತಿ ತವರಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

"ಅವ್ವ ಬರೂದ್ರಾಗ ಇದು ಮುಚ್ಚಬೇಕ್ರಿ. ಇಲ್ಲಂದ್ರ ನನ್ನ ಮರ್ಯಾದಿ ಏನ್ ಉಳೀತದ?" ಅಂದಳು.

ನಮ್ಮ ಕಾರ್ಖಾನೆಯಲ್ಲಿ ದೋಷವನ್ನು ಕಾಗದದ ಮೇಲೆ ಬರೆದು, ದೂರಿದವರ ಸಹಿ ಪಡೆಯದೆ ಯಾರೂ ಸ್ಕ್ರೂ ಮುಟ್ಟುವುದಿಲ್ಲ. ನನಗೂ ಅದೇ ಚಟ. 'ಬಿಜಾಗರಿ ದೋಷ' ಎಂದು ಬರೆದು ಅವಳ ಮುಂದೆ ಹಿಡಿದೆ. ಅವಳು ಹಿಟ್ಟು ನಾದುತ್ತಿದ್ದಳು.

"ಸಹಿ ಹೆಂಗ ಮಾಡ್ಲಿ? ಕೈತುಂಬ ಹಿಟ್ಟದ. ಹೆಬ್ಬೆಟ್ಟು ಒತ್ತಲೇನು?"

ಒತ್ತಿಸಿಕೊಂಡೆ.

೨. ಕೆಂಪು ಚೀಟಿ

ಕೆಲಸ ಶುರು ಮಾಡುವ ಮೊದಲು ಒಳಗಿನದೆಲ್ಲ ಖಾಲಿ ಮಾಡಬೇಕೆಂಬುದೂ ನಮ್ಮಲ್ಲಿ ನಿಯಮ. ಮಾಡಿದೆ. ಬಿಜಾಗರಿಯಲ್ಲಿ ಎರಡು ಸ್ಕ್ರೂ ಇರುತ್ತವೆ. ಹಿಂದಿನದು ಬಾಗಿಲನ್ನು ಒಳಕ್ಕೆ ಹೊರಕ್ಕೆ ಸರಿಸುತ್ತದೆ, ಮುಂದಿನದು ಎಡಕ್ಕೆ ಬಲಕ್ಕೆ. ಇದು ನನಗೆ ಆಮೇಲೆ ತಿಳಿಯಿತು. ಅಂದು ಬಾಗಿಲು ತೆರೆದಿಟ್ಟುಕೊಂಡೇ ಮುಂದಿನದನ್ನು ತಿರುವಿದೆ. ಮುಚ್ಚಿದರೆ ಅದು ಪಕ್ಕದ ಬಾಗಿಲನ್ನು ಗುದ್ದಿತು. ಪಕ್ಕದ್ದನ್ನು ಸರಿಸಿದೆ, ಅದು ಮೂರನೆಯದನ್ನು ಗುದ್ದಿತು. ಸಂಜೆ ಹೊತ್ತಿಗೆ ಆ ಸಾಲಿನ ನಾಲ್ಕೂ ಬಾಗಿಲು ಸೊಟ್ಟಗಾಗಿದ್ದವು.

ಮಾಡಿದ ಕೆಲಸವನ್ನು ಮಾಡಿದವನೇ ಪಾಸು ಮಾಡುವಂತಿಲ್ಲ. ಮೇಲಿನ ಮನೆಯಲ್ಲಿ ನಮ್ಮ ತಪಾಸಣೆ ವಿಭಾಗದ ಬೀದರಿನವರಿದ್ದರು. ಒಳ್ಳೆಯ ಗೆಳೆಯರು, ಆದರೆ ತಪಾಸಣೆಗೆ ನಿಂತರೆ ಸ್ವಂತ ಅಣ್ಣನನ್ನೂ ಬಿಡುವವರಲ್ಲ. ಸಂದು ಅಳೆಯುವ ಉಕ್ಕಿನ ಪಟ್ಟಿ ತಂದು ನಾಲ್ಕನ್ನೂ ಅಳೆದರು. ಒಂದೊಂದಕ್ಕೂ 'ತಿರಸ್ಕೃತ' ಎಂದು ಬರೆದ ಕೆಂಪು ಚೀಟಿ ಅಂಟಿಸಿ, ಚಹಾ ಕುಡಿದು ಹೋದರು.

ಹೆಂಡತಿ ನೋಡಿ ಹೌಹಾರಿದಳು. "ಏನ್ರಿ ಇದು! ಅವ್ವ ನೋಡಿದ್ರ ಮನಿ ಜಪ್ತಿ ಆಗ್ಯದ ಅಂತಾಳ!"

೩. ಪಂಚವಟಿಯ ಬಡಿಗ

ಮರುದಿನ ಸೋಲೊಪ್ಪಿಕೊಂಡು ಪಂಚವಟಿಯಿಂದ ಬಡಿಗನನ್ನು ಕರೆತಂದೆ. ಖಾಲಿ ಕಪಾಟುಗಳ ಮುಂದೆ ಸ್ಟೂಲು ಹತ್ತಿ, ಹತ್ತೇ ನಿಮಿಷದಲ್ಲಿ ನಾಲ್ಕೂ ಬಾಗಿಲನ್ನು ಸಮವಾಗಿ ಕೂಡಿಸಿದ. ಆಮೇಲೆ "ಕೋಣೀ ಹಾತ್ ಲಾವಲಾ?" ಎಂದು ಮರಾಠಿಯಲ್ಲಿ ಕೇಳಿದ. ಇದಕ್ಕೆ ಕೈ ಹಾಕಿದ್ದು ಯಾರು ಅಂತ.

ಹೆಂಡತಿ ನನ್ನತ್ತ ಬೆರಳು ತೋರಿಸಿದಳು. ನಾನು ಏನು ಕೆಲಸ ಮಾಡುತ್ತೇನೆಂಬುದನ್ನೂ ಹೇಳಿಬಿಟ್ಟಳು, ಅಭ್ಯಾಸಬಲ. ಬಡಿಗ ಸ್ಟೂಲಿನಿಂದ ಇಳಿದು ನನಗೆ ಕೈಮುಗಿದ.

"ಸಾಹೇಬ್, ಮೀ ರೇಲ್ವೇನೇಚ ಜಾಣಾರ."

ತಾನು ಎಲ್ಲಿಗೇ ಹೋದರೂ ಇನ್ನು ಮೇಲೆ ರೈಲಿನಲ್ಲೇ ಹೋಗುವುದಂತೆ!

೪. ಅತ್ತೆ ಬಂದರು

ಬಡಿಗ ಆಚೆ ಹೋದ, ಹೆಂಡತಿ ಸಾಮಾನು ತುಂಬಿದಳು, ಆ ಒಂದು ಬಾಗಿಲು ಮತ್ತೆ ಎರಡು ಬೆರಳು ಹೊರಗೆ ನಿಂತಿತು! ಮತ್ತೆ ಕರೆದೆವು. ಖಾಲಿ ಮಾಡಿ ತೋರಿಸಿದೆವು, ಸರಿಯಾಗಿ ಮುಚ್ಚಿತು. ಅವನು ಹೋದ ಮೇಲೆ ತುಂಬಿದೆವು, ಮತ್ತೆ ಹೊರಗೆ. ಮೂರನೆಯ ಸಲ ಅವನು ಫೋನೇ ಎತ್ತಲಿಲ್ಲ. ಕಾಗದದಲ್ಲಿ 'ಬಿಜಾಗರಿ ದೋಷ' ಎಂದು ಬರೆದಾಗಿತ್ತಲ್ಲ, ಬಿಜಾಗರಿ ಬಿಟ್ಟು ಬೇರೆಡೆ ನೋಡಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಸೋಮವಾರ ಬಂತು. ನಾನು ಸ್ಟೂಲಿನ ಮೇಲೆ ನಿಂತು, ಬೀದರಿನವರು ಕೆಳಗಿನಿಂದ ಟಾರ್ಚ್ ಬಿಡುತ್ತಿರುವಾಗಲೇ ಅತ್ತೆ ಒಳಗೆ ಬಂದರು.

"ಏನ್ ಹುಡುಕ್ಲಿಕತ್ತೀರಿ ಅಳಿಯಂದ್ರ?"

"ಬಿಜಾಗರಿ ದೋಷರಿ ಅತ್ತಿ."

ಅತ್ತೆ ನನ್ನನ್ನು ಇಳಿಸಿ ತಾವೇ ಸ್ಟೂಲು ಹತ್ತಿದರು. ಕಪಾಟಿನೊಳಗೆ ಕೈ ಹಾಕಿ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಗಂಟೊಂದನ್ನು ಹೊರಗೆಳೆದು, ಬಾಗಿಲು ತಳ್ಳಿದರು. ಟಪ್ಪನೆ ಮುಚ್ಚಿತು. ಬೀದರಿನವರ ಉಕ್ಕಿನ ಪಟ್ಟಿಗೂ ಸಂದು ಸಿಗದ ಹಾಗೆ!

ಗಂಟಿನಲ್ಲಿದ್ದದ್ದು ಹೋದ ತಿಂಗಳು ಅವರೇ ಕಳಿಸಿದ್ದ ಕಡಕ್ ಜೋಳದ ರೊಟ್ಟಿ. ನಾಸಿಕದವರು ಚಪಾತಿಯ ಅಳತೆಗೆ ಕಪಾಟು ಮಾಡಿದ್ದರು. ಕಲಬುರಗಿಯ ರೊಟ್ಟಿ ಎರಡು ಬೆರಳು ದೊಡ್ಡದು. ಅಳಿಯನಿಗೆಂದು ಅತ್ತೆ ಈ ವಯಸ್ಸಿನಲ್ಲೂ ಅಷ್ಟಗಲ ಬಡಿದು ಕಳಿಸಿದ್ದರು. ನಾಚಿಕೆಯಾಯಿತು ನಿಜ, ಆದರೆ ಅವರ ಮೇಲೆ ಉಕ್ಕಿದ ಪ್ರೀತಿ ಅದಕ್ಕಿಂತ ದೊಡ್ಡದಾಗಿತ್ತು.

"ಮುಂದಿನ ಸಲ ಸಣ್ಣವೇ ಬಡೀತೀನ್ರಿ" ಅಂದರು ಅತ್ತೆ.

"ಬ್ಯಾಡ್ರಿ ಅತ್ತಿ! ರೊಟ್ಟಿ ಹಂಗೇ ಇರಲಿ, ಬಾಗಿಲನ್ನೇ ಬಿಚ್ಚಿಡ್ತೀನಿ."

ಹೆಂಡತಿಯ ಮುಖ ಮಾತ್ರ ಅಳುವಂತಾಗಿತ್ತು. "ಅವ್ವ, ಖರೇನೇ ಇವರು ವಿಮಾನದ ಬಾಗಿಲು ಕೂಡಿಸ್ತಾರ..."

ಅತ್ತೆ ರೊಟ್ಟಿಯೊಂದನ್ನು ಮುರಿದು ನನಗರ್ಧ, ಬೀದರಿನವರಿಗರ್ಧ ಕೊಟ್ಟು, ಮಗಳಿಗೆ ಸಮಾಧಾನ ಹೇಳಿದರು:

"ಅದಕ್ಕೇ ಅವರಿಗಿ ತಿಳಿದಿಲ್ಲ ಬಿಡವಾ. ವಿಮಾನದಾಗ ರೊಟ್ಟಿ ಎಲ್ಲಿ ಇಡ್ತಾರ?"