ಹತ್ತಿ ಮಂಡಿಯ ಮಹಡಿಯ ಇಂಟರ್‌ವ್ಯೂ ಸಾಹೇಬರು

ಕೆಲಸದಲ್ಲಿ ಇರುವವರಿಗಿಂತ ಕೆಲಸ ಹುಡುಕುವವರ ಬದುಕಿನಲ್ಲೇ ನಗುವಂಥ ಸಂಗತಿಗಳು ಹೆಚ್ಚು ನಡೆಯುತ್ತವೆ. ಕಾರಣ ಸರಳ. ಕೆಲಸ ಇರುವವನು ಬೆಳಿಗ್ಗೆ ಎದ್ದು ಒಂದೇ ಕಡೆ ಹೋಗುತ್ತಾನೆ, ಹುಡುಕುವವನು ಊರೆಲ್ಲ ಸುತ್ತುತ್ತಾನೆ. ಹೆಚ್ಚು ಸುತ್ತಿದವನಿಗೆ ಹೆಚ್ಚು ಪ್ರಸಂಗ. ನಾನು ಸುತ್ತಿದವನು.

ಅರವತ್ತನೆಯ ಇಸವಿಯ ಆಸುಪಾಸು. ದಾವಣಗೆರೆಯಲ್ಲಿ ಗಿರಣಿಯ ಸೈರನ್ ಕೂಗಿದರೆ ಊರಿಗೆ ಊರೇ ಕೆಲಸಕ್ಕೆ ಹೋಗುತ್ತಿತ್ತು, ಬಿ.ಎ. ಪಾಸಾದ ನಾವು ಕೆಲವರು ಮಾತ್ರ ಮಂಡಕ್ಕಿ ಅಂಗಡಿಗೆ ಹೋಗುತ್ತಿದ್ದೆವು. ಗಿರಣಿಯಲ್ಲಿ ಮಗ್ಗದ ಕೆಲಸ ನಮಗೆ ಬರುತ್ತಿರಲಿಲ್ಲ. ಆಫೀಸಿನ ಕೆಲಸ ಬರುತ್ತಿತ್ತೋ ಇಲ್ಲವೋ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಕೊಟ್ಟು ನೋಡಿರಲಿಲ್ಲ.

ಆಗ ನಮ್ಮೂರಿಗೆ ಇಂಗ್ಲೆಂಡಿನಿಂದ ಒಬ್ಬ ಸಾಹೇಬರು ಬಂದರು. ಅವರು ತಮ್ಮ ದೇಶದ ಒಂದು ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಅಧಿಕಾರಿಯಾಗಿದ್ದು ನಿವೃತ್ತರಾದವರು. ಸೇವೆ ಮಾಡುವ ಒಂದು ಸಂಘದ ಮೂಲಕ, ಸಂಬಳವಿಲ್ಲದೆ, ನಮ್ಮಂಥವರಿಗೆ ಇಂಟರ್‌ವ್ಯೂ ಎದುರಿಸುವುದನ್ನು ಕಲಿಸಲು ಬಂದಿದ್ದರು. ಹತ್ತಿ ಮಂಡಿಯೊಂದರ ಮಹಡಿಯ ಮೇಲೆ ಕ್ಲಾಸು. ಸಂಘದವರು ಅವರಿಗೆ ಒಂದು ಷರತ್ತು ಹಾಕಿದ್ದರು. ಮಾರ್ಚಿ ಮುಗಿಯುವುದರೊಳಗೆ, ಅಂದರೆ ನಮ್ಮ ಲೆಕ್ಕದಲ್ಲಿ ಯುಗಾದಿಯ ಹೊತ್ತಿಗೆ, ಕ್ಲಾಸಿನ ಒಬ್ಬನಿಗಾದರೂ ಕೆಲಸ ಸಿಕ್ಕಿರಬೇಕು. ಇಲ್ಲವಾದರೆ ಕ್ಲಾಸು ಮುಚ್ಚಿ ಅವರು ವಾಪಸು ಹೋಗಬೇಕು. ಮೊದಲ ದಿನವೇ ಸಾಹೇಬರು ಇದನ್ನು ನಮಗೆ ಹೇಳಿಬಿಟ್ಟರು. ಒಬ್ಬನೇ ಒಬ್ಬನಲ್ಲವೇ ಎಂದು ನಾವು ಧೈರ್ಯವಾಗಿದ್ದೆವು.

ಸಾಹೇಬರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನಾನು ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಬರುತ್ತಿತ್ತು ಎಂದು ಯಾರೂ ತಿಳಿಯಬಾರದು.

೧. ಮೊದಲ ಕೆಲಸ

ಸಾಹೇಬರು ಬಾಡಿಗೆಗೆ ಇದ್ದದ್ದು ಆನೆಕೊಂಡದ ಒಬ್ಬ ಅಜ್ಜಿಯ ಮನೆಯಲ್ಲಿ. ಒಂದು ಬೆಳಿಗ್ಗೆ ಅವರನ್ನು ಕರೆದುಕೊಂಡು ಬರಲು ಹೋದೆ. ಅವರಿನ್ನೂ ಒಳಗೆ ಸಿದ್ಧವಾಗುತ್ತಿದ್ದರು. ಅಜ್ಜಿ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಕೇಳಿದರು.

"ಅಲ್ಲಪ್ಪ, ಈ ಸಾಹೇಬ್ರು ಏನ್ ಕೆಲಸ ಮಾಡ್ತಾರ?"

"ಕೆಲಸ ಹೆಂಗೆ ಹಿಡೀಬೇಕು ಅಂತ ನಮಗೆ ಹೇಳ್ಕೊಡ್ತಾರಜ್ಜಿ."

"ಸಂಬಳ ಯಾರು ಕೊಡ್ತಾರ?"

"ಯಾರೂ ಇಲ್ಲ. ಸುಮ್ನೆ ಹೇಳ್ಕೊಡ್ತಾರೆ."

"ಮತ್ತೆ ಅವರ ಊರಾಗೆ?"

"ಅಲ್ಲೂ ಈಗ ಕೆಲಸ ಇಲ್ಲಜ್ಜಿ. ಮುಗಿಸಿ ಬಂದಾರೆ."

ಅಜ್ಜಿ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಪಾಪ! ಅಲ್ಲಿ ಕೆಲಸ ಇಲ್ಲ, ಇಲ್ಲಿ ಸಂಬಳ ಇಲ್ಲ. ನೀವು ಇಷ್ಟು ಜನ ಓದಿದ ಹುಡುಗ್ರು ಇದ್ದೀರಿ, ಎಲ್ಲ ಸೇರಿ ಅವರಿಗೊಂದು ಕೆಲಸ ನೋಡ್ರೋ!"

ಅಜ್ಜಿ ಹೇಳಿ ಸುಮ್ಮನಾಗುವವರಲ್ಲ. ಮಂಡಿಯ ಮಾಲೀಕರು ಅವರ ದೂರದ ಸಂಬಂಧಿ. ಮಾರನೆಯ ದಿನ ಮಾಲೀಕರು ಮೆಟ್ಟಿಲು ಹತ್ತಿ ಬಂದು, ಕ್ಲಾಸಿನ ನಡುವೆ ನಿಂತು, ಸಾಹೇಬರಿಗೆ ಕೈ ಮುಗಿದರು. "ಇಂಗ್ಲಿಷ್ ಕಾಗದ ಬರಿಯೋಕೆ ನಮಗೊಬ್ಬರು ಬೇಕಾಗ್ಯಾರ್ರಿ. ಸಂಕೋಚ ಪಡಬ್ಯಾಡ್ರಿ. ಕಷ್ಟ ಯಾರಿಗೆ ಬರಂಗಿಲ್ಲ ಹೇಳ್ರಿ?" ಎಂದರು.

ಹೀಗೆ ಕೆಲಸ ಕೊಡಿಸುವ ನಮ್ಮ ಕ್ಲಾಸಿಗೆ ಬಂದ ಮೊಟ್ಟಮೊದಲ ಕೆಲಸ ಮೇಷ್ಟರಿಗೇ ಬಂತು.

೨. ಹಿರಿಯರ ಮಾತು

"ನಿಮ್ಮಲ್ಲಿರುವ ಒಳ್ಳೆಯ ಗುಣಗಳನ್ನು ನೀವೇ ಬಾಯಿಬಿಟ್ಟು ಹೇಳಬೇಕು" ಎಂದರು ಸಾಹೇಬರು. ಇಡೀ ಕ್ಲಾಸು ನೆಲ ನೋಡಿತು. ತನ್ನನ್ನು ತಾನೇ ಹೊಗಳಿಕೊಳ್ಳುವುದು ನಮ್ಮ ಕಡೆ ನಾಚಿಕೆಯ ವಿಷಯ. ಹೊಗಳಬೇಕಾದವರು ಬೇರೆಯವರು, ಅದೂ ಹಿರಿಯರು.

ನಮ್ಮ ಜೊತೆ ಲೋಕಿಕೆರೆಯ ಒಬ್ಬ ಗೆಳೆಯನಿದ್ದ. ಬಹಳ ಸಂಕೋಚದವನು. ಅಣಕು ಇಂಟರ್‌ವ್ಯೂಗೆ ಅವನ ಸರದಿ ಬಂದ ದಿನ ತನ್ನ ಸೋದರಮಾವನನ್ನೇ ಕರೆದುಕೊಂಡು ಬಂದ. ಅಣಕು ಎಂದರೆ ಸುಳ್ಳು ಇಂಟರ್‌ವ್ಯೂ, ಅಭ್ಯಾಸಕ್ಕೆ ಮಾಡುವುದು. ಇದನ್ನು ಅವನು ಮಾವನಿಗೆ ಹೇಳಿರಲಿಲ್ಲ. ಮಾವ ಹೊಸ ರುಮಾಲು ಸುತ್ತಿ, ಬಾಳೆಹಣ್ಣು ಹಿಡಿದು, ನಿಜವಾದ ಕೆಲಸವೆಂದೇ ಬಂದಿದ್ದರು.

"ನಿನ್ನ ಬಗ್ಗೆ ಹೇಳು" ಎಂದರು ಸಾಹೇಬರು.

ಗೆಳೆಯ ಮಾವನ ಮುಖ ನೋಡಿದ. ಮಾವ ಶುರು ಮಾಡಿದರು. "ನಮ್ಮ ಹುಡುಗ ಬೀಡಿ ಮುಟ್ಟಂಗಿಲ್ರಿ. ದೊಡ್ಡರ ಎದುರಿಗೆ ಕಾಲು ಚಾಚಂಗಿಲ್ಲ. ಒಂದು ದಿನ ಎದುರು ಮಾತಾಡಿದ್ದು ನಾ ಕೇಳಿಲ್ಲ. ಹಾಕಿದ್ದು ಉಣ್ತಾನ, ಹಾಸಿದಲ್ಲಿ ಮಲಗ್ತಾನ."

ನಾನು ಸಾಹೇಬರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಲಗುವ ವಿಷಯ ಕೇಳಿ ಅವರ ಹುಬ್ಬು ಮೇಲೆ ಹೋಯಿತು. ಆದರೂ ನಕ್ಕು, ಮಾವನಿಗೆ ಏನಾದರೂ ಕೇಳುವುದಿದೆಯೇ ಎಂದು ವಿಚಾರಿಸಿದರು. ಕೇಳುವುದಿತ್ತು.

"ಕಂಪನಿ ಯಾವ ಕಡೇದು? ಹಿಂದ ಮುಂದ ಯಾರದಾರ? ಅಣ್ತಮ್ಮರು ಒಗ್ಗಟ್ಟಾಗಿ ಅದಾರೋ, ಪಾಲಾಗ್ಯಾರೋ? ಹುಡುಗನ್ನ ಚೆನ್ನಾಗಿ ನೋಡ್ಕೊಂತಾರೋ?"

ಸಾಹೇಬರು ಇಲ್ಲದ ಕಂಪನಿಯ ಪರವಾಗಿ ಎಲ್ಲಕ್ಕೂ ಉತ್ತರ ಕೊಟ್ಟರು. ಕೊನೆಗೆ ಎದ್ದು ನಿಂತು, "ನಮಗೆ ತುಂಬ ಸಂತೋಷವಾಯಿತು, ನಿಮ್ಮ ಹುಡುಗನನ್ನು ತೆಗೆದುಕೊಂಡಿದ್ದೇವೆ" ಎಂದರು.

ಮಾವ ಅವಸರ ಮಾಡಲಿಲ್ಲ. ರುಮಾಲು ಸರಿಮಾಡಿಕೊಂಡು, "ಆತು ಬಿಡ್ರಿ. ಊರಿಗೆ ಹೋಗಿ ಎಲ್ಲರನ್ನೂ ಕೇಳಿ, ಆಮೇಲೆ ತಿಳಿಸ್ತೀವಿ" ಎಂದು ಹೊರಟರು.

೩. ಕೈ ಕುಲುಕಿದ್ದು

ಇದು ಚಿಕ್ಕದು. ಕ್ಲಾಸಿನಲ್ಲಿ ಗರಡಿಗೆ ಹೋಗುವ ಒಬ್ಬ ಪೈಲ್ವಾನ್ ಗ್ರಾಜುಯೇಟ್ ಇದ್ದ. ಸಾಹೇಬರು ಕೈ ಕುಲುಕುವುದನ್ನು ಕಲಿಸುತ್ತ, "ಗಟ್ಟಿಯಾಗಿ ಹಿಡಿಯಬೇಕು, ಹಿರಿಯರು ಬಿಡುವ ತನಕ ಬಿಡಬಾರದು" ಎಂದರು. ಗರಡಿಯಲ್ಲಿಯೂ ಅದೇ ಪದ್ಧತಿ, ಕಾರಣ ಮಾತ್ರ ಬೇರೆ. ಅಲ್ಲಿ ಹಿಡಿದ ಕೈಯನ್ನು ಮೊದಲು ಬಿಟ್ಟವನು ಸೋತ ಹಾಗೆ.

ಇಬ್ಬರೂ ಹಿಡಿದರು. ಸಾಹೇಬರು ಬಿಡಬೇಕಿತ್ತು, ಆದರೆ ಅವನು ಹಿಡಿದ ರೀತಿಗೆ ಬಿಡಲು ಆಗಲಿಲ್ಲ. ಅವರ ಮುಖ ಕೆಂಪಾಯಿತು, ಆಮೇಲೆ ಬಿಳಿಯಾಯಿತು. ನೋವು ತೋರಿಸುವುದು ಅವರ ಕಡೆ ಮರ್ಯಾದೆಯಲ್ಲ ಎಂದು ಕಾಣುತ್ತದೆ, ನಗುತ್ತಲೇ ಇದ್ದರು. ಸಾಹೇಬರು ನಗುತ್ತಾರೆಂದರೆ ಇನ್ನೂ ಶಕ್ತಿ ಇದೆ ಎಂದು ಇವನು ಇನ್ನಷ್ಟು ಒತ್ತಿದ. ಕೆಳಗಿನಿಂದ ಮಂಡಿಯ ಹಮಾಲರು ಬಂದು ನೋಡುತ್ತ ನಿಂತರು. ಕೊನೆಗೆ ಮಾಲೀಕರೇ ಬಂದು, "ಸಮ ಸಮ! ಇಬ್ರೂ ಬಿಡ್ರಿ" ಎಂದು ತೀರ್ಪು ಕೊಟ್ಟು ಬಿಡಿಸಿದರು.

ಮಾರನೆಯ ದಿನ ಗರಡಿಯ ಉಸ್ತಾದರು ತೆಂಗಿನಕಾಯಿ ಹಿಡಿದು ಬಂದರು. ಸಾಹೇಬರ ತೋಳನ್ನು ಮೆಲ್ಲಗೆ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ನಮ್ಮ ಹುಡುಗನ ಕೈಯಾಗೆ ಇಷ್ಟೊತ್ತು ನಕ್ಕೊಂತ ನಿಂತೋರು ಈ ಜಿಲ್ಲೆಯಾಗೆ ಇಲ್ಲ. ಸಾಹೇಬ್ರನ್ನ ಕೇಳ್ರಿ, ಬರೋ ವಾರ ಅಖಾಡಕ್ಕೆ ಇಳೀತಾರೇನು?" ಎಂದರು.

೪. ಕಂಪನಿಯ ವಿಷಯ ತಿಳಿದವನು

ಜನವರಿ ಹೊತ್ತಿಗೆ ಒಂದು ನಿಜವಾದ ಇಂಟರ್‌ವ್ಯೂ ಬಂತು. ಹತ್ತಿ ಹಿಂಜುವ ಒಂದು ಮಿಲ್ಲಿನಲ್ಲಿ ಗುಮಾಸ್ತನ ಜಾಗ. ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕಾಗಿದ್ದವನನ್ನು ಕಳಿಸುವುದೆಂದು ತೀರ್ಮಾನವಾಯಿತು. ಅವನು ದಿನಪೂರ್ತಿ ಚಹಾದ ಅಂಗಡಿಯಲ್ಲಿ ಕೂಡುವವನು, ಆದ್ದರಿಂದ ಚುರುಕು. ಸಾಹೇಬರು ಅವನ ಭುಜ ತಟ್ಟಿ, "ಹೋಗುವ ಮೊದಲು ಆ ಕಂಪನಿಯ ಬಗ್ಗೆ ತಿಳಿದುಕೊಂಡು ಹೋಗು. ಮಾಲೀಕರಿಗೆ ಅದು ಬಹಳ ಇಷ್ಟವಾಗುತ್ತದೆ" ಎಂದರು.

ಅವನು ತಿಳಿದುಕೊಂಡ. ಮಾಲೀಕರು ನಿಜವಾಗಿಯೂ ಅದನ್ನೇ ಕೇಳಿದರು: "ನಮ್ಮ ಮಿಲ್ಲಿನ ಬಗ್ಗೆ ಏನ್ ಗೊತ್ತೈತೆ?"

"ಎಲ್ಲಾ ಗೊತ್ತೈತ್ರಿ" ಎಂದ. "ಹಿಂದಿನ ಬಾಯ್ಲರ್ ಬಿರುಕು ಬಿಟ್ಟೈತೆ, ಅದಕ್ಕ ಬಣ್ಣ ಹಚ್ಚಿದೀರಿ. ಮಳೆಗೆ ನೆನೆದ ಹತ್ತಿನ ಒಣಗಿದ ಹತ್ತಿ ನಡುವೆ ಇಟ್ಟು ಕಳಿಸ್ತೀರಿ. ನಿಮ್ಮ ತಮ್ಮನೋರು ಪಾಲು ಕೇಳ್ಯಾರ, ಲಾಯರ್ ನೋಟೀಸು ಹೋದ ಗುರುವಾರ ಬಂದೈತೆ. ಅದು ನಿಮ್ಮ ಮನೆಯಾಗೆ ಇನ್ನೂ ಗೊತ್ತಿಲ್ಲ."

ಮಾಲೀಕರು ಎದ್ದು ಹೋಗಿ ಬಾಗಿಲು ಹಾಕಿದರು. ತಣ್ಣನೆಯ ನೀರು ತರಿಸಿ ಅರ್ಧ ತಾವು ಕುಡಿದು, ಉಳಿದದ್ದನ್ನು ಅವನಿಗೆ ಕೊಟ್ಟರು. ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಬೆಣ್ಣೆ ದೋಸೆ ತಿನ್ನಿಸಿ, ತಮ್ಮ ಗಾಡಿಯಲ್ಲೇ ಮಂಡಿಯ ತನಕ ಬಿಡಿಸಿದರು.

"ಕೆಲಸ ಸಿಕ್ತಾ?" ಎಂದು ನಾವೆಲ್ಲ ಮೆಟ್ಟಿಲಲ್ಲೇ ಮುತ್ತಿಕೊಂಡೆವು.

"ಇಲ್ಲ" ಎಂದ. "'ನಿನ್ನಂಥೋನ್ನ ಒಳಗೆ ಇಟ್ಕೊಂಡ್ರ ನಿದ್ದಿ ಬರಂಗಿಲ್ಲ, ಹೊರಗೆ ಬಿಟ್ರೂ ಬರಂಗಿಲ್ಲ. ಅದಕ್ಕ ದಿನಾ ಬಂದು ದೋಸೆ ತಿಂದು ಹೋಗು' ಅಂದ್ರು."

೫. ಹರಿಹರದಲ್ಲಿ

ಮಾರ್ಚಿ ಬಂತು. ಯಾರಿಗೂ ಕೆಲಸ ಸಿಕ್ಕಿರಲಿಲ್ಲ. ಸಾಹೇಬರು ಪಾಠದ ನಡುವೆ ಕಿಟಕಿಯ ಹೊರಗೆ ನೋಡುತ್ತ ನಿಂತುಬಿಡುತ್ತಿದ್ದರು. ಅಜ್ಜಿ, "ಸರಿಯಾಗಿ ಉಣ್ಣಂಗಿಲ್ಲಪ್ಪ, ಮಂಡಿ ಕೆಲಸಾನೇ ಒಪ್ಕೋರಿ ಅನ್ನು" ಎಂದರು. ಪೆಟ್ಟಿಗೆ ಕಟ್ಟಲು ಸಾಹೇಬರು ಹಗ್ಗ ತಂದಿಟ್ಟದ್ದನ್ನು ನಾನೇ ನೋಡಿದೆ.

ಆಗ ಹರಿಹರದಿಂದ ಕರೆ ಬಂತು. ಹತ್ತಿ ಗಿರಣಿಗಳಿಗೆ ಬೇಕಾದ ಮರದ ಬಾಬಿನ್ ಮಾಡುವ ಒಂದು ಸಣ್ಣ ಕಾರ್ಖಾನೆ, ಹೊಸದಾಗಿ ಶುರುವಾದದ್ದು. ಬಾಬಿನ್ ಎಂದರೆ ನೂಲು ಸುತ್ತುವ ಕಡ್ಡಿ. ಮ್ಯಾನೇಜರು ಬೊಂಬಾಯಿಯವರು, ನಮ್ಮ ಕಡೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಗುಮಾಸ್ತನ ಜಾಗಕ್ಕೆ ಕರೆದದ್ದು ನನ್ನನ್ನು. ಇದೇ ಕೊನೆಯ ಅವಕಾಶ ಎಂದು ಎಲ್ಲರಿಗೂ ಗೊತ್ತಿತ್ತು. ಗೆಳೆಯರು ಬಸ್ಸಿನ ತನಕ ಬಂದು ನನ್ನ ಅಂಗಿಯ ಕಾಲರು ಸರಿಮಾಡಿ ಹತ್ತಿಸಿದರು. ಸಾಹೇಬರೂ ಜೊತೆಗೆ ಬಂದರು. ಮ್ಯಾನೇಜರು ಅವರನ್ನು ಗೌರವದಿಂದ ಕರೆದು ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಸಿದರು.

ಇಂಟರ್‌ವ್ಯೂ ಇಂಗ್ಲಿಷಿನಲ್ಲಿ, ಚೆನ್ನಾಗಿಯೇ ನಡೆಯಿತು. ಕೇಳಿದ್ದಕ್ಕೆಲ್ಲ ಕಲಿಸಿದ ಹಾಗೆ ಉತ್ತರಿಸಿದೆ. ಮೂಲೆಯಲ್ಲಿ ಸಾಹೇಬರು ತಲೆಯಾಡಿಸುತ್ತಿದ್ದರು. ಮ್ಯಾನೇಜರು ಪೆನ್ನಿನ ಟೊಪ್ಪಿ ಮುಚ್ಚಿ, "ಸರಿ, ಈ ಕೆಲಸವನ್ನು ನಿಮಗೆ ಕೊಡುತ್ತಿದ್ದೇನೆ" ಎಂದರು.

ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಬಾಗಿಲು ತಟ್ಟುವುದರಿಂದ ಹಿಡಿದು ಕೊನೆಯ ಪ್ರಶ್ನೆಯ ತನಕ ಸಾಹೇಬರು ಎಲ್ಲವನ್ನೂ ಕಲಿಸಿದ್ದರು. ಕೆಲಸ ಕೊಟ್ಟರೆ ಏನು ಹೇಳಬೇಕು ಎಂಬುದನ್ನು ಮಾತ್ರ ಕಲಿಸಿರಲಿಲ್ಲ. ನಮ್ಮಲ್ಲಿ ಯಾರೂ ಅಲ್ಲಿಯ ತನಕ ಹೋಗಿರಲಿಲ್ಲ. ಕಲಿಸದ ಜಾಗಕ್ಕೆ ಬಂದಾಗ ಮನುಷ್ಯನ ಬಾಯಲ್ಲಿ ಬರುವುದು ಮನೆಯಲ್ಲಿ ಕಲಿತದ್ದೇ. ನಮ್ಮ ಮನೆಗಳಲ್ಲಿ ಯಾರು ಏನು ಕೊಡಲಿ, ಚಹಾ ಆಗಲಿ, ಹೋಳಿಗೆ ಆಗಲಿ, ಮೊದಲ ಸಲ "ಬ್ಯಾಡ್ರಿ" ಅನ್ನಬೇಕು. ಕೇಳಿದ ಕೂಡಲೇ ಕೈ ಚಾಚುವವನು ಆಸೆಬುರುಕ. ಎರಡನೆಯ ಸಲವೂ ಬೇಡ ಅನ್ನಬೇಕು. ಮೂರನೆಯ ಸಲ ಒತ್ತಾಯ ಮಾಡಿದಾಗ ತೆಗೆದುಕೊಳ್ಳಬೇಕು. ಇದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಬೊಂಬಾಯಿಯವರಿಗೆ ಗೊತ್ತಿರಲಿಲ್ಲ.

"ಬೇಡ ಸರ್" ಎಂದೆ. "ನಿಮಗೆ ಯಾಕೆ ಸುಮ್ಮನೆ ತೊಂದರೆ?"

ಮೂಲೆಯ ಕುರ್ಚಿ ಕಿರ್ರೆಂದಿತು. ಮ್ಯಾನೇಜರು ನನ್ನನ್ನು ದಿಟ್ಟಿಸಿ ನೋಡಿದರು. ಮತ್ತೆ ಪೆನ್ನು ತೆರೆದು ಏನೋ ಗೀಚಿ, "ಸಂಬಳ ಕಡಿಮೆಯಾಯಿತು ಅಂತ ಕಾಣುತ್ತೆ. ಸರಿ, ಇನ್ನಷ್ಟು ಸೇರಿಸುತ್ತೇನೆ. ಈಗ ಬರುತ್ತೀರಾ?" ಎಂದರು.

ಎಂಥ ಒಳ್ಳೆಯ ಮನುಷ್ಯ ಎನ್ನಿಸಿತು ನನಗೆ. ಇಷ್ಟು ಉಪಚಾರ ಮಾಡುವವರಿಗೆ ಇನ್ನೂ ಹೆಚ್ಚು ವಿನಯ ತೋರಿಸಬೇಕಲ್ಲ! "ಅಯ್ಯೋ, ಬೇಡವೇ ಬೇಡ ಸರ್. ನಿಮ್ಮ ಬಾಯಲ್ಲಿ ಆ ಮಾತು ಬಂತಲ್ಲ, ಅಷ್ಟೇ ಸಾಕು."

ಸಾಹೇಬರು ತಮ್ಮ ಹ್ಯಾಟನ್ನು ಮುಖಕ್ಕೆ ಅಡ್ಡ ಹಿಡಿದರು. ಮ್ಯಾನೇಜರು ಎದ್ದರು. ಕಿಟಕಿಯ ತನಕ ಹೋದರು, ಹೊಳೆ ನೋಡಿದರು, ತಿರುಗಿ ಬಂದು ಎರಡೂ ಕೈ ಮೇಜಿನ ಮೇಲೆ ಊರಿದರು. "ನೋಡಿ, ಹೇಳಿದ ಸಂಬಳ, ಅದರ ಮೇಲೆ ಇರಲು ಒಂದು ಮನೆ. ಇದು ನನ್ನ ಕೊನೆಯ ಮಾತು!"

ಮೂರನೆಯ ಸಲ ಆಯಿತು. "ನೀವು ಇಷ್ಟು ಬಲವಂತ ಮಾಡುವಾಗ ಇಲ್ಲ ಅಂದರೆ ಚೆನ್ನಾಗಿರುವುದಿಲ್ಲ ಸರ್. ಬರುತ್ತೇನೆ" ಎಂದೆ.

ಮ್ಯಾನೇಜರು ಕುರ್ಚಿಗೆ ಒರಗಿ ಹಣೆ ಒರೆಸಿಕೊಂಡು ಸಾಹೇಬರಿಗೆ ಹೇಳಿದರು: "ಬೊಂಬಾಯಿಯ ಮಾರುಕಟ್ಟೆಯಲ್ಲಿ ಬೆಳೆದವನು ನಾನು. ಇಷ್ಟು ಗಟ್ಟಿ ಆಸಾಮಿಯನ್ನು ನೋಡಿಲ್ಲ. ಇವನನ್ನು ಗುಮಾಸ್ತನ ಕುರ್ಚಿಯಲ್ಲಿ ಕೂಡಿಸಿದರೆ ನಷ್ಟ. ಮರ ಖರೀದಿ ಮಾಡಲು ಕಳಿಸುತ್ತೇನೆ."

ಹೊರಗೆ ಬಂದೆವು. ಬಸ್ಸು ನಿಲ್ಲುವ ಜಾಗಕ್ಕೆ ನಡೆದೆವು. ಕ್ಲಾಸು ಉಳಿದಿತ್ತು, ಅವರು ಊರು ಬಿಡಬೇಕಾಗಿರಲಿಲ್ಲ, ಆದರೂ ಅವರು ಹ್ಯಾಟನ್ನು ತಲೆಗೆ ಹಾಕುವುದನ್ನೇ ಮರೆತು ಕೈಯಲ್ಲೇ ಹಿಡಿದಿದ್ದರು. ನಾನು ನಮ್ಮ ಕಡೆಯ ಪದ್ಧತಿಯನ್ನು ನಿಧಾನವಾಗಿ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಹಳ ಮೆಲ್ಲಗೆ, "ಅವರು ಮೂರನೆಯ ಸಲ ಕೇಳದೇ ಇದ್ದಿದ್ದರೆ?" ಎಂದರು.

ಆ ಪ್ರಶ್ನೆ ನನಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಕೇಳದೇ ಹೇಗಿರುತ್ತಾರೆ ಸರ್?" ಎಂದೆ. "ಮ್ಯಾನೇಜರು ಮರ್ಯಾದಸ್ಥರ ಮನೆಯಿಂದ ಬಂದವರಲ್ಲವೇ?"