ಬ್ಯಾಟರಿ ನೀರಿನ ದಾಲ್ಚಾ

ಬೆಳಗಿನ ಎಂಟು ಗಂಟೆ. ಕೋರಹಾಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿಗೆ ಹಾಕುವ ನೀರಿನ ಕೊನೆಯ ಕ್ಯಾನು ಕಾಣೆಯಾಗಿತ್ತು.

ಅದು 1993ರ ಏಪ್ರಿಲ್. ಅಫಜಲಪುರ ತಾಲ್ಲೂಕಿನ ಆ ಊರಿಗೆ ಫೋನು ಬಂದು ವರ್ಷವಾಗಿತ್ತಷ್ಟೆ. ಕರೆಂಟು ಹೋದರೂ ಫೋನು ನಿಲ್ಲಬಾರದೆಂದು ಒಳಗಿನ ಕೋಣೆಯಲ್ಲಿ ಬ್ಯಾಟರಿಗಳ ಸಾಲು ಇಟ್ಟಿದ್ದರು. ಅವಕ್ಕೆ ಬೇಕಾದ ಶುದ್ಧ ನೀರು ಗುಲ್ಬರ್ಗಾದಿಂದ ಬರುತ್ತಿತ್ತು. ಊರಿನ ಬೋರಿನ ನೀರು ಬರೀ ಸವಳು. ಅದರಲ್ಲಿ ತೊಗರಿಬೇಳೆಯನ್ನು ಮಧ್ಯಾಹ್ನದವರೆಗೆ ಕುದಿಸಿದರೂ ಅದು ಜಿಪುಣ ಮಾವನ ಮನಸ್ಸಿನಂತೆ ಕರಗುತ್ತಿರಲಿಲ್ಲ. ಎಕ್ಸ್‌ಚೇಂಜಿನ ನೀರಿನಲ್ಲಿ ಬೇಳೆ ಬೆಣ್ಣೆಯಾಗುತ್ತದೆಂದು ಓಣಿಯ ಹೆಂಗಸರು ಬೇಗನೆ ಕಂಡುಹಿಡಿದರು. ತಂಬಿಗೆ ಹಿಡಿದು ಬಂದವರಿಗೆ ಇಲ್ಲವೆನ್ನಲು ಮೆಕ್ಯಾನಿಕ್ ಜಯತೀರ್ಥನಿಗೆ ನಾಲಿಗೆ ಏಳುತ್ತಿರಲಿಲ್ಲ.

ಕೊನೆಯ ಕ್ಯಾನನ್ನು ಪಕ್ಕದ ಮನೆಯ ಕುಲಸುಮಬಿ ಒಯ್ದಿದ್ದಳು. ಅವಳ ಅತ್ತೆ ತೀರಿಕೊಂಡು ಅಂದಿಗೆ ನಲವತ್ತನೆಯ ದಿನ. ಬಂದವರಿಗೆಲ್ಲ ಬೇಳೆ, ಸೋರೆಕಾಯಿ ಬೇಯಿಸಿದ ದಾಲ್ಚಾ ಊಟ.

"ಸತ್ತವರ ಹೆಸರಿನ ಊಟಕ್ಕ ನೀರು ಕೊಡೂದಿಲ್ಲ ಅಂತಿದ್ರೇನ್ರಿ?" ಎಂದು ಕ್ಯಾನು ಹುಡುಕಿಕೊಂಡು ಬಂದ ಜಯತೀರ್ಥನನ್ನು ಅವಳೇ ಕೇಳಿದಳು.

"ಹಂಗಲ್ಲ ಅಕ್ಕಾ. ಇವತ್ತ ದೊಡ್ಡ ಸಾಹೇಬ್ರು ಬರಾಕತ್ತಾರ. ಕರೆಂಟ್ ಹೋದ ಮ್ಯಾಲೂ ಫೋನ್ ನಡದ್ರ ನನ್ನ ಗುಲ್ಬರ್ಗಾಕ್ಕ ಹಾಕ್ತೇನಿ ಅಂದಾರ. ಉಳದದ್ದರೇ ವಾಪಸ್ ಕೊಡ್ರಿ."

"ಕೊಡ್ತೇನಿ. ಆದ್ರ ಅದರಾಗ ಸೋರೆಕಾಯಿ ಬಿದ್ದಾವಲ್ರಿ."

ಗುಲ್ಬರ್ಗಾದಲ್ಲಿ ಜಯತೀರ್ಥನ ಹೆಂಡತಿ ಉಮಾಬಾಯಿ, ಪುಟ್ಟ ಮಗಳು ಇದ್ದರು. ಹೋದ ಸಲ ಅವನು ಮನೆಗೆ ಹೋದಾಗ ಮಗಳು ಬಾಗಿಲ ಹಿಂದೆ ನಿಂತು, "ಅವ್ವಾ, ಈ ಮಾಮಾ ಊಟ ಮಾಡಿ ಹೋಗ್ತಾನೇನು?" ಎಂದು ಕೇಳಿದ್ದಳು.

ಅವನು ಎಕ್ಸ್‌ಚೇಂಜಿಗೆ ಮರಳಿ ಕರೆಂಟಿನ ಸ್ವಿಚ್ ಆರಿಸಿ ನೋಡಿದ. ನೀರು ಬತ್ತಿದ ಬ್ಯಾಟರಿಗಳು ದಮ್ಮು ಹತ್ತಿದ ಮುದುಕರಂತೆ ಒಮ್ಮೆ ಏದುಸಿರು ಬಿಟ್ಟು ಸುಮ್ಮನಾದವು. ಊರಿನ ಫೋನುಗಳೆಲ್ಲ ಸತ್ತವು. ಸ್ವಿಚ್ ಮತ್ತೆ ಹಾಕಿ ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತ.

ಊಟಕ್ಕೆ ಬಂದಿದ್ದ ಮೈಕ್ ಸೆಟ್ಟಿನ ಚಮನಸಾಬ ಕೇಳಿದ: "ಯಾಕಪಾ, ಸತ್ತದ್ದು ಅವರ ಅತ್ತಿ. ನೀ ಯಾಕ ಅಳಾಕತ್ತೀದಿ?"

ಜಯತೀರ್ಥ ನಡೆದದ್ದೆಲ್ಲ ಹೇಳಿದ. ಹನ್ನೆರಡು ವೋಲ್ಟಿನ ಬ್ಯಾಟರಿ ನಾಲ್ಕು ಜೋಡಿಸಿದರೆ ಒಂದು ತಾಸು ದಾಟಿಸಬಹುದಿತ್ತು.

"ನಾಕೇ ಏನ್ಲೇ? ಊರಾಗ ಅಷ್ಟೂ ಸಿಗೂದಿಲ್ಲೇನು?"

ಮೈಕಿನವು ಎರಡು ಬಂದವು. ಉಸ್ಮಾನಸಾಬನ ಟ್ರ್ಯಾಕ್ಟರಿನದು ಒಂದು ಬಂತು. ನಾಲ್ಕನೆಯದು ಸಿಗುವ ಮೊದಲೇ ಸಾಹೇಬರ ಜೀಪು ಬಂತು.

ಅಂಥ ದಿನ ಓಣಿಗೆ ಬಂದವರು ಉಣ್ಣದೆ ಹೋಗುವಂತಿರಲಿಲ್ಲ. ಕುಲಸುಮಬಿಯ ಗಂಡ ಖಾದರಸಾಬ ಸಾಹೇಬರನ್ನೂ ಡ್ರೈವರನನ್ನೂ ಕೈಹಿಡಿದು ಒಯ್ದು ಕೂರಿಸಿದ. ಸಾಹೇಬರು ಎರಡು ಸಲ ಬಡಿಸಿಕೊಂಡರು.

"ಬೇಳಿ ಹೆಂಗ ಕರಗ್ಯಾದ ನೋಡ್ರಿ! ಯಾವ ಬಾವಿ ನೀರಿದು?"

ಜಯತೀರ್ಥನಿಗೆ ಕೆಮ್ಮು ಬಂತು. ಅಷ್ಟರಲ್ಲಿ ಚಮನಸಾಬ ಕೈಗೆ ಹತ್ತಿದ ಗ್ರೀಸು ಒರೆಸುತ್ತ ಬಂದು ಅವನ ಕಿವಿಯಲ್ಲಿ ಉಸುರಿದ: "ನಾಕನೇದ್ದು ಸಿಕ್ತು."

"ಎಲ್ಲಿಂದ?"

"ಅದೆಲ್ಲಾ ಕೇಳಬ್ಯಾಡ. ವೈರ್ ಜೋಡ್ಸು ನಡಿ."

ಎಂದಿನಂತೆ ಹನ್ನೆರಡಕ್ಕೆ ಕರೆಂಟು ಹೋಯಿತು. ಸಾಹೇಬರು ರಿಸೀವರ್ ಎತ್ತಿ ಗುಲ್ಬರ್ಗಾದ ಆಫೀಸಿಗೆ ಹಚ್ಚಿದರು. ಮಾತು ಪಕ್ಕದ ಮನೆಯಿಂದ ಬಂದಂತೆ ಸ್ಪಷ್ಟವಾಗಿ ಕೇಳಿತು. "ಶಾಬಾಸ್! ನಾಳೇನ ನಿನ್ನ ಆರ್ಡರ್ ಮಾಡ್ತೇನಿ," ಎಂದು ಜಯತೀರ್ಥನ ಬೆನ್ನು ತಟ್ಟಿ ಜೀಪು ಹತ್ತಿದರು.

ಜೀಪು ಚಾಲೂ ಆಗಲಿಲ್ಲ.

ಡ್ರೈವರ್ ಬಾನೆಟ್ ಎತ್ತಿದ. ಬ್ಯಾಟರಿ ಇರಬೇಕಾದಲ್ಲಿ ಎರಡು ವೈರು ಜೋತುಬಿದ್ದಿದ್ದವು. ಸಾಹೇಬರು ಚಮನಸಾಬನ ಕೈ ನೋಡಿದರು, ಜಯತೀರ್ಥನ ಮುಖ ನೋಡಿದರು. ತಿರುಗಿ ಒಳಕೋಣೆಗೆ ಹೋಗಿ ಬ್ಯಾಟರಿಗಳ ಮೇಲಿದ್ದ ಚಾದರ ಎತ್ತಿದರು. ಬತ್ತಿದ ಬ್ಯಾಟರಿಗಳ ಪಕ್ಕದಲ್ಲಿ ಅವರ ಜೀಪಿನದೂ ಕೂತಿತ್ತು.

"ನೀರಿಲ್ಲ, ಬ್ಯಾಟರಿ ಇಲ್ಲ, ಕರೆಂಟಿಲ್ಲ. ಆದ್ರೂ ಫೋನ್ ನಡಸೀದಿ!" ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಜಯತೀರ್ಥನಿಗೆ ಹೆದರಿಕೆಯಾದದ್ದು ಅದಕ್ಕೇ. "ಗುಲ್ಬರ್ಗಾದಾಗ ಎಲ್ಲಾ ಅದ. ಅಲ್ಲಿ ನಿನ್ನಂಥಾಂವ ಕುಂತು ಏನು ಮಾಡ್ತಾನ? ಖಜೂರಿ ಆಚೆ, ಗಡಿ ಮ್ಯಾಲ ಮಾಳೇವಾಡಿ ಅಂತದ. ಎಕ್ಸ್‌ಚೇಂಜ್ ಕೂಡಿಸೇವಿ, ಕರೆಂಟಿನ ಕಂಬಾ ಇನ್ನೂ ಬಂದಿಲ್ಲ. ನಿನ್ನಂಥಾ ಮನಷಾನ್ನೇ ಹುಡುಕಾಕತ್ತಿದ್ದೆ."

ಮುಂದಿನ ಸೋಮವಾರ ಜಯತೀರ್ಥ ಉಳ್ಳಾಗಡ್ಡಿ ಲಾರಿ ಹತ್ತಿ ಮಾಳೇವಾಡಿಗೆ ಹೋದ. ಅಲ್ಲಿಗೆ ಕರೆಂಟು ಬಂದದ್ದು ಎರಡು ವರ್ಷದ ಮೇಲೆ.